ಕೊರೆದು ಇಳಿದ ಹಳ್ಳಕ್ಕೆ ಒಂದು ಕಲ್ಲೆತ್ತರದ ಒಡ್ಡು: 300 ಮೀಟರ್ ದುರಸ್ತಿಯ ಕೆಲಸದ ದಾಖಲೆ

ದುರಸ್ತಿಗೆ ಹಿಡಿದ ಹಳ್ಳದ ತುಂಡು 300 ಮೀಟರ್ ಉದ್ದದ್ದು. ವರ್ಷದ ಬಹುಪಾಲು ಒಣಗಿರುತ್ತದೆ, ಗುಡುಗುಮಳೆ ಬಿದ್ದಾಗ ಕೆಲವು ಗಂಟೆ ಭೋರ್ಗರೆದು ನಿಲ್ಲುತ್ತದೆ. ತಳದ ಅಗಲ 3 ಮೀಟರ್, ಮೇಲ್ಬಾಯಿ 7 ಮೀಟರ್, ಹಳೆಯ ನೆರೆಬಯಲಿನಿಂದ ತಳಕ್ಕೆ 1.8 ಮೀಟರ್ ಆಳ. ಇಳಿಜಾರು ನೂರು ಮೀಟರಿಗೆ 2 ಮೀಟರ್. ಮೇಲ್ತುದಿಯಲ್ಲಿ 0.9 ಮೀಟರ್ ಎತ್ತರದ ಕೊರಕಲಿನ ತಲೆ ಇದೆ. ನೀರು ಅಲ್ಲಿಂದ ಧುಮುಕಿ ಬುಡದ ಮಣ್ಣು ತೆಗೆಯುತ್ತದೆ, ಆಧಾರ ತಪ್ಪಿದ ಮೇಲಿನ ಹೆಂಟೆ ಕುಸಿಯುತ್ತದೆ, ಪ್ರತಿ ನೆರೆಗೂ ತಲೆ ಒಂದಿಷ್ಟು ಮೇಲಕ್ಕೆ ಸರಿಯುತ್ತದೆ. ದಂಡೆಯ ಹಳೆಯ ಮರಗಳ ತುದಿ ಒಣಗಿದೆ, ಎಳೆಯ ಸಸಿ ಒಂದೂ ಇಲ್ಲ. ಒಣನಾಡುಗಳಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿ ಇದು. ಅಳತೆ ಬೇರೆ ಇದ್ದೀತು, ಲೆಕ್ಕ ಹಾಕುವ ಬಗೆ ಇದೇ.

ಮರ ಒಣಗುವುದಕ್ಕೂ ತಳ ಇಳಿಯುವುದಕ್ಕೂ ನೇರ ಸಂಬಂಧವಿದೆ. ತಳ ಇಳಿದಂತೆ ಪಕ್ಕದ ಮಣ್ಣಿನಲ್ಲಿ ನಿಂತಿದ್ದ ನೀರು ಹಳ್ಳಕ್ಕೆ ಬಸಿದು ತಾನೂ ಇಳಿಯುತ್ತದೆ. ನೆರೆಯೂ ಬಯಲಿಗೆ ಹತ್ತದೆ ಕೊರಕಲಿನೊಳಗೇ ಓಡಿಹೋಗುತ್ತದೆ. ಹಾಗಾಗಿ ಗಿಡ ನೆಡುವುದು ಈ ಕೆಲಸದ ಕೊನೆಯ ಹಂತ. ಮೊದಲು ತಳ ಎತ್ತಬೇಕು, ಅದನ್ನು ನೆರೆ ತರುವ ಹೂಳಿನಿಂದಲೇ ಎತ್ತಿಸಬೇಕು. ಕಲ್ಲಿನ ಕೆಲಸವೆಲ್ಲ ಆ ಹೂಳು ನಿಲ್ಲಲಿ ಎಂದು ಮಾಡುವುದು.

ಕೆಲಸಕ್ಕೆ ಮುಂಚೆ

ಮೊದಲು ಕೊರಕಲು ಏಕೆ ಆಯಿತು ಎಂದು ಹುಡುಕಬೇಕು. ಮೇಲ್ಗಡೆ ಒಂದು ಗಾಡಿದಾರಿ ಇಳಿಜಾರಿನುದ್ದಕ್ಕೂ ಓಡಿದ್ದರೆ ಅದೇ ಕಾಲುವೆಯಾಗಿ ಹರಡಿ ಹರಿಯಬೇಕಾದ ನೀರನ್ನೆಲ್ಲ ಒಂದೇ ಕಡೆ ತಂದು ಸುರಿಯುತ್ತದೆ. ದಾರಿಯಡಿಯ ಮೋರಿ ಸಣ್ಣದಿದ್ದರೆ ಅದರ ಬಾಯಲ್ಲಿ ನೀರು ಚಿಮ್ಮಿ ಗುಂಡಿ ತೋಡುತ್ತದೆ, ಮುಂದಿನ ಕೊರಕಲು ಅಲ್ಲಿಂದಲೇ ಶುರು. ದನಕುರಿ ಒಂದೇ ಜಾಗದಲ್ಲಿ ಹಳ್ಳಕ್ಕಿಳಿದರೆ ಆ ಜಾಡೂ ಕೊರಕಲಾಗುತ್ತದೆ. ಕಾರಣ ಹಾಗೇ ಉಳಿದರೆ ಕೆಳಗೆ ಎಷ್ಟು ಕಲ್ಲು ಹಾಸಿದರೂ ಅದು ಗಾಯದ ಮೇಲಿನ ಬಟ್ಟೆ ಅಷ್ಟೆ. ದಾರಿಗೆ ಅಡ್ಡಲಾಗಿ ಅಗಲವಾದ ತಗ್ಗು-ಉಬ್ಬು ಮಾಡಿ ನೀರನ್ನು ಪಕ್ಕದ ಹುಲ್ಲಿಗೆ ತಿರುಗಿಸುವುದು, ಮೋರಿಯ ಬಾಯಿಗೆ ಕಲ್ಲುಹಾಸು ಕೊಡುವುದು, ಇವೆರಡೂ ಹಳ್ಳದ ಕೆಲಸಕ್ಕಿಂತ ಮೊದಲು ಮುಗಿಯಬೇಕು. ನೀರಿನ ಮೇಲೆ ಹಕ್ಕಿರುವ ಕೆಳಗಿನವರ ಒಪ್ಪಿಗೆ, ಹಳ್ಳದಲ್ಲಿ ಕೆಲಸ ಮಾಡಲು ಬೇಕಾದ ಸರ್ಕಾರಿ ಅನುಮತಿ ಎರಡೂ ಕೈಯಲ್ಲಿದ್ದ ಮೇಲೆಯೇ ಕಲ್ಲು ತರಿಸಿ.

ಎರಡನೆಯದು, ಕೊರಕಲು ಈಗ ಯಾವ ಹಂತದಲ್ಲಿದೆ ಎಂದು ಓದುವುದು. ಸಂಶೋಧಕರಾದ ಶೂಮ್, ಹಾರ್ವಿ ಮತ್ತು ವಾಟ್ಸನ್ 1984ರಲ್ಲಿ ಕೊಟ್ಟ ಐದು ಹಂತಗಳ ಮಾದರಿ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ: ಸ್ಥಿರ ಪಾತ್ರ, ತಳ ಕೊರೆತ, ದಂಡೆ ಕುಸಿದು ಅಗಲವಾಗುವುದು, ಹೂಳು ತುಂಬುವುದು, ಕೆಳಮಟ್ಟದಲ್ಲಿ ಹೊಸ ಸ್ಥಿರತೆ. ತಳ ಇನ್ನೂ ಕೊರೆಯುತ್ತಿದ್ದು ದಂಡೆಗಳು ಇಕ್ಕಟ್ಟಾಗಿ ನೆಟ್ಟಗಿದ್ದರೆ ಕೆಲಸಕ್ಕೆ ತೀರ ಕಷ್ಟದ ಹಂತ; ನೀರಿಗೆ ಹರಡಲು ಜಾಗವೇ ಇರುವುದಿಲ್ಲ. ಇಲ್ಲಿ ಹಿಡಿದ ತುಂಡು ಅಗಲವಾಗುತ್ತಿರುವ ಹಂತದಲ್ಲಿದೆ. ತಳದಲ್ಲಿ ಸಣ್ಣ ಮರಳು ದಿಬ್ಬಗಳು ಕಾಣತೊಡಗಿವೆ. ಹಳ್ಳ ತಾನೇ ರಿಪೇರಿಗೆ ತೊಡಗಿದ ಗುರುತು ಅದು, ಕಲ್ಲಿನ ಕೆಲಸ ಹೆಚ್ಚು ಫಲ ಕೊಡುವುದೂ ಈ ಹಂತದಲ್ಲೇ.

ಅಳತೆಗೆ ಬೇಕಾದದ್ದು 50 ಮೀಟರಿನ ಟೇಪು, ನೀರು ತುಂಬಿದ ಪಾರದರ್ಶಕ ಕೊಳವೆ ಅಥವಾ ಲೆವೆಲ್ ಯಂತ್ರ, ಗುರುತಿನ ಕೋಲು, ಅರ್ಧ ಇಂಚಿನ ಕಬ್ಬಿಣದ ಸರಳುಗಳು. ಹಳ್ಳದ ಉದ್ದಕ್ಕೂ ತಳದ ಅತಿ ತಗ್ಗಿನ ಗೆರೆ ಹಿಡಿದು ಪ್ರತಿ 5 ಮೀಟರಿಗೊಂದು ಮಟ್ಟ ತೆಗೆಯಿರಿ. ತಳ ಥಟ್ಟನೆ ಇಳಿಯುವ ಕಡೆ ಇನ್ನೂ ಹತ್ತಿರ ತೆಗೆಯಿರಿ. ಅಡ್ಡ ಕೊಯ್ತ ಐದಾರು ಕಡೆ ಸಾಕು, ಆದರೆ ಪ್ರತಿಯೊಂದರ ಎರಡೂ ತುದಿಗೆ ಸರಳು ಹೊಡೆದು ಕಾಂಕ್ರೀಟ್ ಹಾಕಿ. ಮುಂದೆ ತಳ ಏರಿತೋ ಇಳಿಯಿತೋ ಎಂದು ಹೇಳುವುದು ಈ ಸರಳುಗಳೇ.

ತುಂಬುಹರಿವಿನ ಮಟ್ಟವನ್ನು ಸರಿಯಾಗಿ ಗುರುತಿಸುವುದು ಇಡೀ ಅಳತೆಯ ಜೀವಾಳ. ಸುಮಾರು ಒಂದು-ಎರಡು ವರ್ಷಕ್ಕೊಮ್ಮೆ ಬರುವ, ಪಾತ್ರವನ್ನು ರೂಪಿಸುವ ನೆರೆಯ ಮಟ್ಟ ಅದು. ಕೊರಕಲಿನ ಮೇಲ್ಬಾಯಿಯನ್ನು ಅದೆಂದು ತಿಳಿದರೆ ಎಲ್ಲ ಲೆಕ್ಕವೂ ಕೆಡುತ್ತದೆ. ಕೊರಕಲಿನೊಳಗಿನ ಮರಳು ದಿಬ್ಬದ ಚಪ್ಪಟೆ ನೆತ್ತಿ, ಹುಲ್ಲು ಶುರುವಾಗುವ ಗೆರೆ, ಕಸ ಸಾಲಾಗಿ ನಿಂತ ಗೆರೆ, ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡಿ. ಇಲ್ಲಿ ಅದು ತಳದಿಂದ 0.4 ಮೀಟರ್ ಮೇಲಿದೆ.

ಕಲ್ಲು ಎಷ್ಟು ದಪ್ಪ, ಒಡ್ಡು ಎಷ್ಟು ಎತ್ತರ

ತುಂಬುಹರಿವಿನಲ್ಲಿ 3 ಮೀಟರ್ ಅಗಲ, 0.4 ಮೀಟರ್ ಆಳದ ನೀರು 2 ಶೇಕಡಾ ಇಳಿಜಾರಿನಲ್ಲಿ ಹೋಗುತ್ತದೆ. ಹರಿವಿನ ವೇಗ ತಿಳಿಸುವ ಮ್ಯಾನಿಂಗ್ ಸೂತ್ರದಲ್ಲಿ ದಂಡೆ ನೆಟ್ಟಗಿದೆ ಎಂದು ಇಟ್ಟುಕೊಂಡು, ಒರಟುತನದ ಅಂಕಿಯನ್ನು 0.04 ಎಂದು ಹಿಡಿದರೆ ವೇಗ ಸೆಕೆಂಡಿಗೆ 1.6 ಮೀಟರ್, ಹರಿವು ಸುಮಾರು 2 ಘನ ಮೀಟರ್. ತಳವನ್ನು ಎಳೆಯುವ ಬಲ ಚದರ ಮೀಟರಿಗೆ 62 ನ್ಯೂಟನ್, ಅಂದರೆ 8 ಸೆಂ.ಮೀ. ಕಲ್ಲು ಅಲುಗುವಷ್ಟು. ದೊಡ್ಡ ನೆರೆಯಲ್ಲಿ ಅದೇ ಕೊರಕಲಿನೊಳಗೆ 1.2 ಮೀಟರ್ ನೀರು ನಿಂತರೆ ವೇಗ 2.7ಕ್ಕೆ ಏರುತ್ತದೆ, ಎಳೆತ 131ಕ್ಕೆ; ಆಗ 17-18 ಸೆಂ.ಮೀ. ಕಲ್ಲೂ ಜಾಗ ಬಿಡುತ್ತದೆ. ಲೆಕ್ಕದ ಅಂಚಿನಲ್ಲೇ ನಿಲ್ಲುವುದು ಬೇಡ. 25ರಿಂದ 40 ಸೆಂ.ಮೀ. ಕಲ್ಲು ತರಿಸಿ, ಸರಾಸರಿ 30 ಬರಲಿ. ಅಷ್ಟು ದಪ್ಪದ ಗಟ್ಟಿ ಕಲ್ಲು 35-40 ಕಿಲೋ ತೂಗುತ್ತದೆ, ಇಬ್ಬರು ಎತ್ತಬಹುದು. ಮೂಲೆಯಿರುವ ಒಡೆದ ಕಲ್ಲೇ ಬೇಕು. ಹೊಳೆಯ ಗುಂಡುಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಒಂದು ಉರುಳಿದರೆ ಹತ್ತು ಉರುಳುತ್ತವೆ. ಹಳ್ಳದ ತಳದಲ್ಲೇ ಇರುವ ಕಲ್ಲನ್ನು ಆಯ್ದು ಒಡ್ಡಿಗೆ ಹಾಕುವವರಿದ್ದಾರೆ. ತಳದ ರಕ್ಷಾಕವಚವನ್ನೇ ಕಿತ್ತು ಇನ್ನೊಂದು ಕಡೆ ಇಟ್ಟ ಹಾಗೆ ಅದು, ಮಾಡಲೇಬಾರದು.

ಎತ್ತರದ ವಿಷಯಕ್ಕೆ ಬನ್ನಿ. ಒಣಹಳ್ಳಗಳಲ್ಲಿ ಒಡ್ಡುಗಳು ಕಿತ್ತುಹೋಗುವುದಕ್ಕೆ ದೊಡ್ಡ ಕಾರಣ ಎತ್ತರ. ಒಂದು ಮೀಟರ್ ಎತ್ತರದ ತಂತಿಬುಟ್ಟಿಯ ಒಡ್ಡಿನಿಂದ ಬೀಳುವ ನೀರು ಬುಡಕ್ಕೆ ಸೆಕೆಂಡಿಗೆ 4.4 ಮೀಟರ್ ವೇಗದಲ್ಲಿ ಬಡಿಯುತ್ತದೆ. ಬುಡದಲ್ಲಿ ಗುಂಡಿ ಬೀಳುತ್ತದೆ, ಅಡಿಪಾಯ ತೇಲುತ್ತದೆ, ಒಡ್ಡು ಮುಂದಕ್ಕೆ ಬಾಗುತ್ತದೆ. ಅದೇ 13 ಸೆಂ.ಮೀ. ಎತ್ತರದಿಂದ ಬಿದ್ದರೆ ವೇಗ 1.6 ಮೀಟರ್. ಹಳ್ಳ ತುಂಬಿ ಹರಿಯುವಾಗ ಇರುವ ವೇಗವೂ ಅಷ್ಟೇ! ಅಂದರೆ ಇಷ್ಟು ತಗ್ಗಿನ ಒಡ್ಡು ನೀರಿಗೆ ಹೊಸ ಬಲವನ್ನೇನೂ ಕೊಡುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಿಂದ ನಿವೃತ್ತರಾದ ಬಿಲ್ ಜೀಡಿಕ್ ನ್ಯೂ ಮೆಕ್ಸಿಕೊದ ಹಳ್ಳಗಳಲ್ಲಿ ರೂಢಿಗೆ ತಂದ ‘ಒಂದು ಕಲ್ಲೆತ್ತರದ ಒಡ್ಡು’ ಈ ತತ್ವದ ಮೇಲೆಯೇ ನಿಂತಿದೆ. ಅವರ ನಿಯಮ: ಒಡ್ಡಿನ ಎತ್ತರ ತುಂಬುಹರಿವಿನ ಆಳದ ಮೂರನೇ ಒಂದು ಭಾಗ ಮೀರಬಾರದು. ಇಲ್ಲಿ 0.4 ಮೀಟರಿನ ಮೂರನೇ ಒಂದು ಅಂದರೆ ಆ 13 ಸೆಂ.ಮೀ.

ಇಷ್ಟು ತಗ್ಗಿನ ಒಡ್ಡು ಏನು ಮಾಡೀತು ಎಂಬ ಅನುಮಾನ ಸಹಜ. ಒಂದು ಒಡ್ಡಿನ ಹಿಂದೆ, ಹೂಳು ಮೂಲ ಇಳಿಜಾರಿನ ಅರ್ಧಕ್ಕೆ ನಿಂತರೆ, 13 ಮೀಟರ್ ಉದ್ದಕ್ಕೆ ಒಟ್ಟು ಎರಡೂವರೆ ಘನ ಮೀಟರ್ ಹೂಳು ಹಿಡಿಯುತ್ತದೆ. ಕೇಳಲು ಸಣ್ಣದು. ಆದರೆ ಆ ಹೂಳು ಒದ್ದೆಯಾಗಿ ಉಳಿಯುತ್ತದೆ, ಅದರಲ್ಲಿ ಹುಲ್ಲು ಮತ್ತು ಜಂಬುಹುಲ್ಲು ಬೇರುಬಿಡುತ್ತವೆ, ಮುಂದಿನ ನೆರೆಯಲ್ಲಿ ಹುಲ್ಲೇ ಇನ್ನಷ್ಟು ಹೂಳು ಹಿಡಿಯುತ್ತದೆ. ಅರಿಜೋನಾದ ಚಿರಿಕಾವಾ ಬೆಟ್ಟಗಳಲ್ಲಿ ಸಾವಿರಾರು ಸಣ್ಣ ಕಲ್ಲೊಡ್ಡುಗಳಿದ್ದ ಕಣಿವೆಯನ್ನು ಒಡ್ಡಿಲ್ಲದ ಪಕ್ಕದ ಕಣಿವೆಯೊಂದಿಗೆ ಹೋಲಿಸಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು: ಒಡ್ಡುಗಳ ಕಣಿವೆಯಲ್ಲಿ ನೆರೆಯ ಗರಿಷ್ಠ ಹರಿವು ತಗ್ಗಿತ್ತು, ಒಟ್ಟು ಹರಿದ ನೀರು ಮಾತ್ರ ಸುಮಾರು 28 ಶೇಕಡಾ ಹೆಚ್ಚಿತ್ತು.

ಕೊರಕಲಿನ ತಲೆಗೆ ಬೋಗುಣಿ

ಕೆಲಸ ಶುರುಮಾಡಬೇಕಾದದ್ದು ಮೇಲ್ತುದಿಯ ತಲೆಯಿಂದ. ಅದು ಸರಿಯುತ್ತಲೇ ಇದ್ದರೆ ಮೇಲಿನ ಒಳ್ಳೆಯ ನೆಲವೂ ಕೊರಕಲಾಗುತ್ತದೆ, ಕೆಳಗಿನ ಒಡ್ಡುಗಳು ವರ್ಷದೊಳಗೆ ಅತಿಯಾದ ಹೂಳಿನಡಿ ಮುಚ್ಚಿಹೋಗುತ್ತವೆ. 30 ಸೆಂ.ಮೀ.ಗಿಂತ ಗಿಡ್ಡ ತಲೆಯಾದರೆ ಅದನ್ನು ಮೂರಕ್ಕೊಂದರ ಇಳಿಜಾರಿಗೆ ಕೆತ್ತಿ ಕಲ್ಲು ಹಾಸಿದರೆ ಮುಗಿಯಿತು. 0.9 ಮೀಟರಿನದಕ್ಕೆ ಜೀಡಿಕ್ ಅವರು ನ್ಯೂ ಮೆಕ್ಸಿಕೊದ ಮೂಲನಿವಾಸಿಗಳಾದ ಜೂನಿ ಜನರ ನೆಲದಲ್ಲಿ ಅವರ ಜೊತೆ ಕೆಲಸ ಮಾಡುತ್ತ ರೂಪಿಸಿದ ಬೋಗುಣಿ ಬೇಕು. ಒಂದೇ ಜಿಗಿತವನ್ನು ಎರಡು-ಮೂರು ಸಣ್ಣ ಮೆಟ್ಟಿಲುಗಳಾಗಿ ಒಡೆದು, ನಡುವೆ ಕಲ್ಲುಹಾಸಿನ ಮಡು ಇಡುವ ಕ್ರಮ ಇದು.

ಜೋತುಬಿದ್ದ ಹೆಂಟೆಗಳನ್ನೆಲ್ಲ ಪಿಕಾಸಿಯಲ್ಲಿ ಕೆಡವಿ, ತಲೆಯನ್ನು ಸುಮಾರು 3 ಮೀಟರ್ ವ್ಯಾಸದ ಅರ್ಧ ಬೋಗುಣಿಯ ಆಕಾರಕ್ಕೆ ತನ್ನಿ. ಸಡಿಲ ಮಣ್ಣಿನ ಮೇಲೆ ಕಲ್ಲು ಇಡಬೇಡಿ, ಗಟ್ಟಿ ಸಿಗುವ ತನಕ ತೆಗೆಯಿರಿ. ಅಡಿಯಲ್ಲಿ 10 ಸೆಂ.ಮೀ. ದಪ್ಪಕ್ಕೆ ಜಲ್ಲಿ-ಮರಳು ಬೆರೆಸಿ ಹರಡಿ. ಇಲ್ಲಿ ನೀರು ಬಿಟ್ಟು ಮಣ್ಣು ತಡೆಯುವ ಪ್ಲಾಸ್ಟಿಕ್ ಬಟ್ಟೆ ಹಾಸುವ ಪದ್ಧತಿಯೂ ಇದೆ. ನಮ್ಮ ಅಭಿಪ್ರಾಯದಲ್ಲಿ ಜಲ್ಲಿಯೇ ಮೇಲು: ಬಟ್ಟೆ ಬೇರನ್ನು ತಡೆಯುತ್ತದೆ, ಬೋಗುಣಿಯನ್ನು ವರ್ಷಗಟ್ಟಲೆ ಹಿಡಿದಿಡುವುದು ಬೇರು. ಜಲ್ಲಿಯನ್ನೂ ಹಾಕದೆ ಬಿಟ್ಟರೆ ಮಾತ್ರ ಕಲ್ಲುಗಳ ಸಂದಿನಿಂದ ಹಿಂದಿನ ಮಣ್ಣು ಹನಿಹನಿಯಾಗಿ ಸೋರಿಹೋಗಿ, ಒಳಗೆ ಪೊಳ್ಳಾಗಿ, ಒಂದು ದಿನ ಗೋಡೆ ಕೂರುತ್ತದೆ.

ತಳದಿಂದ ಮೇಲಕ್ಕೆ ಕಟ್ಟುತ್ತ ಬನ್ನಿ. ಇರುವುದರಲ್ಲಿ ದೊಡ್ಡ ಕಲ್ಲುಗಳು ಅಡಿಗಲ್ಲಾಗಲಿ; ಮಡುವಿನ ಅಂಚಿನಲ್ಲಿ ಅವು ಅರ್ಧದಷ್ಟು ನೆಲದಲ್ಲಿ ಹೂತಿರಬೇಕು. ಪ್ರತಿ ವರಸೆಯೂ ಕೆಳಗಿನದಕ್ಕಿಂತ ಹಿಂದೆ ಸರಿದಿರಲಿ, ಗೋಡೆ ಹಿಂದಕ್ಕೆ ಒರಗಿರಲಿ. ಉದ್ದ ಕಲ್ಲಿನ ಉದ್ದ ದಂಡೆಯ ಒಳಕ್ಕೆ ಹೋಗಬೇಕು, ಚೆಂದ ಕಾಣಲೆಂದು ಮುಖಕ್ಕೆ ಬರಬಾರದು. ಸಂದುಗಳಿಗೆ ಚಕ್ಕೆ ಬಡಿಯಿರಿ. ಮೇಲೆ ನಿಂತು ಕುಣಿದರೂ ಯಾವ ಕಲ್ಲೂ ಕುಲುಕಬಾರದು.

ಬೋಗುಣಿಯ ಮೇಲ್ದುಟಿಯಲ್ಲಿ ತಪ್ಪು ಆಗುವುದು ಹೆಚ್ಚು. ಆ ಕಲ್ಲುಗಳ ನೆತ್ತಿ ಮೇಲಿನ ಹಳ್ಳದ ತಳದ ಮಟ್ಟಕ್ಕೆ ಸಮನಾಗಿರಬೇಕು, ಇಲ್ಲವೇ ಒಂದು ಬೆರಳು ತಗ್ಗಿರಬೇಕು. ಎರಡು ಬೆರಳು ಎತ್ತರವಾದರೂ ನೀರು ಅದನ್ನು ಒಡ್ಡೆಂದೇ ತಿಳಿದು ಪಕ್ಕಕ್ಕೆ ತಿರುಗುತ್ತದೆ, ಬೋಗುಣಿಯ ಪಕ್ಕದಲ್ಲೇ ಹೊಸ ತಲೆ ತೆರೆಯುತ್ತದೆ. ದಾರ ಕಟ್ಟಿ ಮಟ್ಟ ನೋಡದೆ ಈ ವರಸೆ ಇಡಬೇಡಿ. ದುಟಿಯ ನಡುವನ್ನು ಅಂಚಿಗಿಂತ ತಗ್ಗಿಸಿ, ಎರಡೂ ಕೊನೆಗಳನ್ನು ದಂಡೆಯೊಳಗೆ ಅರ್ಧ ಮೀಟರ್ ಹೂಳಿ.

ಬೋಗುಣಿಯಿಂದ ಹೊರಬಿದ್ದ ನೀರು ಮತ್ತೆ ಕೊರೆಯದಂತೆ, ತಲೆಯ ಎತ್ತರದ ನಾಲ್ಕರಿಂದ ಆರು ಪಟ್ಟು ದೂರದಲ್ಲಿ ಒಂದು ಕಲ್ಲೆತ್ತರದ ಒಡ್ಡು ಬರಬೇಕು. 0.9 ಮೀಟರಿಗೆ ಅದು 3.6ರಿಂದ 5.4 ಮೀಟರ್ ಆಯಿತು. ನಡುವಿನ ಮಡುವಿನಲ್ಲಿ ನೀರು ನಿಂತು ಗೋಡೆಯ ಹಿಂದಿನ ಮಣ್ಣು ಒಣಗದೆ ಇರುತ್ತದೆ. ಒಣಗಿ ಬಿರಿಯುವ ಮಣ್ಣೇ ಕುಸಿಯುವುದು. ತೇವ ಉಳಿದರೆ ಹುಲ್ಲಿನ ಬೇರು ಅದನ್ನು ಹೆಣೆದುಬಿಡುತ್ತದೆ. ಬೋಗುಣಿಗೂ ಈ ಒಡ್ಡಿಗೂ ಸೇರಿ, ಒಡೆದು ಪೋಲಾಗುವುದನ್ನೂ ಹಿಡಿದು, 7 ಘನ ಮೀಟರ್ ಕಲ್ಲು ಬೇಕು.

ಒಡ್ಡುಗಳ ಸಾಲು

ಒಡ್ಡನ್ನು ಎಲ್ಲಿ ಹಾಕಬೇಕು ಎಂಬುದನ್ನು ಹಳ್ಳವೇ ತೋರಿಸುತ್ತದೆ. ಬಾಗಿನ ಹೊರದಂಡೆಯಲ್ಲಿ ಮಡು ಬೀಳುತ್ತದೆ, ಎರಡು ಬಾಗುಗಳ ನಡುವೆ ಹರಿವು ಒಂದು ದಂಡೆಯಿಂದ ಇನ್ನೊಂದಕ್ಕೆ ದಾಟುವ ಕಡೆ ಜಲ್ಲಿ ಹಾಸುತ್ತದೆ. ಒಡ್ಡಿಗೆ ಈ ಜಲ್ಲಿಹಾಸೇ ಜಾಗ. ಮಡುವಿನಲ್ಲಿ ಹಾಕಿದರೆ ಬಾಗಿನ ನೀರು ಓರೆಯಾಗಿ ಬಡಿದು ಹೊರದಂಡೆಯನ್ನೇ ಕೀಳುತ್ತದೆ. ಜಲ್ಲಿಹಾಸುಗಳು ಸಾಮಾನ್ಯವಾಗಿ ಪಾತ್ರದ ಅಗಲದ ಐದರಿಂದ ಏಳು ಪಟ್ಟು ದೂರಕ್ಕೊಂದು ಬರುತ್ತವೆ. 3 ಮೀಟರ್ ಅಗಲಕ್ಕೆ 15ರಿಂದ 21 ಮೀಟರ್. ಆ ಲೆಕ್ಕದಲ್ಲಿ 300 ಮೀಟರಿಗೆ 16-17 ಜಾಗ ಸಿಗುತ್ತದೆ. ಬಂಡೆ ತೇಲಿದ ಕಡೆ ಮತ್ತು ಪಕ್ಕದ ತೋಡು ಬಂದು ಸೇರುವ ಕಡೆ ಬಿಟ್ಟು 14 ಒಡ್ಡು ಉಳಿದವು. ಟೇಪು ಹಿಡಿದು ಸಮದೂರಕ್ಕೆ ಗೂಟ ಹೊಡೆಯುವುದು ಕಾಗದದ ಮೇಲೆ ಅಚ್ಚುಕಟ್ಟು, ಹಳ್ಳದಲ್ಲಿ ತಪ್ಪು.

ಒಂದು ಒಡ್ಡಿನ ಕೆಲಸ ಹೀಗೆ. ದಂಡೆ ನೆಟ್ಟಗಿದ್ದರೆ ತಳದಿಂದ 40 ಸೆಂ.ಮೀ. ತನಕ ಎರಡೂ ಕಡೆ 45 ಡಿಗ್ರಿಗೆ ಕೆತ್ತಿ. ಹರಿವಿಗೆ ಅಡ್ಡಲಾಗಿ, ಎರಡೂ ದಂಡೆಯ ಮೇಲೆ ಅರ್ಧರ್ಧ ಮೀಟರ್ ಹತ್ತುವಂತೆ ಒಟ್ಟು 4 ಮೀಟರ್ ಉದ್ದಕ್ಕೆ, ಹರಿವಿನ ದಿಕ್ಕಿನಲ್ಲಿ ಒಂದೂವರೆ ಮೀಟರ್ ಅಗಲಕ್ಕೆ, 15-17 ಸೆಂ.ಮೀ. ಆಳದ ತಗ್ಗು ತೆಗೆಯಿರಿ. ಮೊದಲು ಇಡುವುದು ಕೆಳಬದಿಯ ಅಡಿಗಲ್ಲಿನ ವರಸೆ. ಇದನ್ನು ಇನ್ನೂ ಆಳಕ್ಕೆ ಇಳಿಸಿ ನೆತ್ತಿ ತಳದ ಮಟ್ಟಕ್ಕೆ ಸರಿಹೋಗುವಂತೆ ಕೂರಿಸಿ, ಒಡ್ಡು ದಾಟಿದ ನೀರು ಬೀಳುವುದು ಇದರ ಮೇಲೆ. ಆಮೇಲೆ ಮೇಲ್ಬದಿಗೆ ನಾಲ್ಕು ವರಸೆ. ಕಲ್ಲನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಅರ್ಧ ಹೂತು 13 ಸೆಂ.ಮೀ. ಮಾತ್ರ ತಳದ ಮೇಲೆ ಕಾಣುವಂತೆ ಇಡಿ. ಒಂದು ವರಸೆಯ ಸಂದಿಗೆ ಮುಂದಿನ ವರಸೆಯ ಕಲ್ಲಿನ ನಡು ಬರಲಿ. ಯಾವ ಕಲ್ಲಿನ ಮೇಲೂ ಇನ್ನೊಂದು ಕಲ್ಲು ಬೇಡ. ಅಂಚುಗಳು ದಂಡೆಯ ಮೇಲೆ ತುಂಬುಹರಿವಿನ ಮಟ್ಟದ ತನಕ ಹತ್ತಲಿ, ಆಗ ಇಡೀ ಒಡ್ಡು ತಟ್ಟೆಯ ಆಕಾರ ಪಡೆದು ನೀರು ನಡುವಿನಲ್ಲೇ ಹೋಗುತ್ತದೆ.

ಇದಕ್ಕೆ 30 ಸೆಂ.ಮೀ. ಕಲ್ಲು ಸುಮಾರು 65, ಜೊತೆಗೆ ಚಕ್ಕೆ. ಅಳತೆಯಲ್ಲಿ 1.8 ಘನ ಮೀಟರ್, ತೂಕದಲ್ಲಿ ಹತ್ತಿರ ಹತ್ತಿರ 3 ಟನ್. ಕಲ್ಲು ದಂಡೆಯ ಮೇಲೆ ಬಂದು ಬಿದ್ದಿದ್ದರೆ ನಾಲ್ಕು ಜನ ದಿನಕ್ಕೊಂದು ಒಡ್ಡು ಮುಗಿಸಬಹುದು. ಹದಿನಾಲ್ಕಕ್ಕೆ ಪೋಲು ಸೇರಿ 29 ಘನ ಮೀಟರ್, ಬೋಗುಣಿಯ 7 ಸೇರಿದರೆ 36. ಒಟ್ಟು 58 ಟನ್ ಆಸುಪಾಸು. ಲಾರಿಯನ್ನು ಹಳ್ಳದೊಳಗೆ ಇಳಿಸಬೇಡಿ. ದಂಡೆಯಿಂದ 5 ಮೀಟರ್ ದೂರದಲ್ಲಿ ಪ್ರತಿ ಜಾಗಕ್ಕೂ ಬೇರೆ ಬೇರೆ ಗುಡ್ಡೆ ಹಾಕಿಸಿ, ಅಲ್ಲಿಂದ ಕೈಯಲ್ಲೋ ಒಂದು ಚಕ್ರದ ಗಾಡಿಯಲ್ಲೋ ಸಾಗಿಸಿ. ಲಾರಿ ಇಳಿದ ಜಾಡು ಮಳೆಗಾಲದಲ್ಲಿ ಹೊಸ ತೋಡಾಗಿ ನಿಲ್ಲುತ್ತದೆ.

ಕಲ್ಲು ಸಿಗದ ಕಡೆ ಗೂಟ ಹೊಡೆದು ಕೊಂಬೆ ಹೆಣೆಯುವ ಒಡ್ಡೂ ಇದೆ, ಬೀವರ್ ಪ್ರಾಣಿ ಕಟ್ಟುವ ಒಡ್ಡನ್ನು ನೋಡಿ ಮಾಡಿದ್ದು. ಆರೆಗಾನ್ ರಾಜ್ಯದ ಬ್ರಿಜ್ ಕ್ರೀಕ್‌ನಲ್ಲಿ ಕೊರೆದು ಇಳಿದಿದ್ದ ಹಳ್ಳವನ್ನು ಹೀಗೆಯೇ ಎತ್ತಲಾಯಿತು. 5-10 ಸೆಂ.ಮೀ. ದಪ್ಪದ ಗೂಟಗಳನ್ನು ಅರ್ಧ ಮೀಟರಿನೊಳಗಿನ ಅಂತರದಲ್ಲಿ, ಮೇಲೆ ಎಷ್ಟಿದೆಯೋ ಕನಿಷ್ಠ ಅಷ್ಟೇ ಕೆಳಗೂ ಹೋಗುವಂತೆ ಹೊಡೆಯಬೇಕು. ಆದರೆ ಅಲ್ಲಿ ವರ್ಷವಿಡೀ ನೀರಿರುತ್ತದೆ, ಹೂಳಿಗೂ ಚಿಗುರಿಗೂ ಬಿಡುವಿಲ್ಲ. ವರ್ಷಕ್ಕೆ ನಾಲ್ಕು ಸಲ ಮಾತ್ರ ಹರಿಯುವ ಹಳ್ಳದಲ್ಲಿ ಹೆಣಿಗೆ ಒಣಗಿ ಪುಡಿಯಾಗುವುದು ಬೇಗ. ಕಲ್ಲು ತರಲು ಸಾಧ್ಯವಿದ್ದರೆ ಕಲ್ಲೇ ಇರಲಿ.

ಮೊದಲ ನೆರೆ ಕಳೆದ ಮೇಲೆ

ಒಣಹಳ್ಳದಲ್ಲಿ ನೆರೆ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ನೀರು ಎಷ್ಟು ಎತ್ತರ ಬಂದಿತ್ತೆಂದು ತಿಳಿಯಲು 5 ಸೆಂ.ಮೀ. ಕೊಳವೆಯೊಂದನ್ನು ದಂಡೆಗೆ ನೆಟ್ಟಗೆ ಬಿಗಿದು, ಅಡಿಯಲ್ಲಿ ತೂತು ಕೊರೆದು, ಒಳಗೆ ಮರದ ಪಟ್ಟಿಯನ್ನೂ ಒಂದು ಹಿಡಿ ಕಾರ್ಕ್ ಪುಡಿಯನ್ನೂ ಹಾಕಿ, ಗಾಳಿಗೆ ಸಣ್ಣ ತೂತಿರುವ ಮುಚ್ಚಳ ಹಾಕಿ. ನೀರು ಏರಿದಾಗ ಪುಡಿ ತೇಲಿ, ಇಳಿದಾಗ ತುದಿಮಟ್ಟದಲ್ಲಿ ಪಟ್ಟಿಗೆ ಅಂಟಿ ಉಳಿಯುತ್ತದೆ. ತಳ ಎಷ್ಟು ಕೊರೆದು ಮತ್ತೆ ಎಷ್ಟು ತುಂಬಿತು ಎಂದು ತಿಳಿಯಲು ಒಂದು ಮೀಟರ್ ಕಬ್ಬಿಣದ ಸರಪಳಿಯನ್ನು ತಳದಲ್ಲಿ ನೆಟ್ಟಗೆ ಹೂಳಿಡಿ. ಕೊರೆತ ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿ ಸರಪಳಿ ಮಡಚಿ ಅಡ್ಡ ಮಲಗಿರುತ್ತದೆ. ಅದರ ಮೇಲಿರುವುದು ಹೊಸ ಹೂಳು. ನೆರೆಗೆ ಮುಂಚೆ ಮತ್ತು ಆಮೇಲೆ ಮಟ್ಟ ಅಳೆದರೆ ಎರಡೂ ಒಂದೇ ಬಂದು ಏನೂ ಆಗಿಲ್ಲ ಅನ್ನಿಸುವುದುಂಟು, ನಡುವೆ 30 ಸೆಂ.ಮೀ. ಕೊರೆದು ತುಂಬಿರಬಹುದು. ಅಡಿಗಲ್ಲು ಎಷ್ಟು ಆಳ ಬೇಕು ಎಂಬುದಕ್ಕೆ ಸರಪಳಿ ಕೊಡುವ ಉತ್ತರವೇ ನಂಬಿಕಸ್ಥ.

ಹಾನಿ ಕಂಡರೆ ಅದನ್ನು ಓದಲು ಕಲಿಯಬೇಕು. ಅಂಚಿನ ಹಿಂದೆ ದಂಡೆ ಕೊಚ್ಚಿದ್ದರೆ ಒಂದೋ ನಡು ಸಾಕಷ್ಟು ತಗ್ಗಿಲ್ಲ, ಇಲ್ಲವೇ ಅಂಚು ತುಂಬುಹರಿವಿನ ಮಟ್ಟದ ತನಕ ಹತ್ತಿಲ್ಲ. ನಡುವಿನ ಒಂದೆರಡು ಕಲ್ಲು ತೆಗೆದು ತಗ್ಗಿಸುವುದು ಮೊದಲ ಮದ್ದು. ಅಂಚಿಗೆ ಕಲ್ಲು ಪೇರಿಸುವುದು ಆಮೇಲೆ. ಕೆಳಬದಿಯ ಅಡಿಗಲ್ಲು ಮುಂದಕ್ಕೆ ವಾಲಿದ್ದರೆ ಬುಡ ಕೊರೆದಿದೆ: ಕಿತ್ತು, ಇನ್ನೂ ಆಳಕ್ಕೆ ಇಳಿಸಿ, ಮುಂದೆ ಇನ್ನೊಂದು ವರಸೆ ಹಾಸಿ. ಒಡ್ಡು ಹಾಗೇ ಇದ್ದೂ ಹಿಂದೆ ಹೂಳು ನಿಂತಿಲ್ಲವೆಂದರೆ ಸಂದು ದೊಡ್ಡದಿದೆ, ನೀರು ಮಣ್ಣನ್ನೂ ಜರಡಿಯಂತೆ ದಾಟಿಸುತ್ತಿದೆ. ಮೇಲ್ಬದಿಗೆ ಜಲ್ಲಿ ತುಂಬಿ. ಮೇಲ್ಬದಿಯ ಕಸಕಡ್ಡಿಯನ್ನು ಮಾತ್ರ ಬಳಿದು ತೆಗೆಯಬೇಡಿ. ಹೂಳು ಹಿಡಿಯುವುದರಲ್ಲಿ ಅದರ ಪಾಲು ದೊಡ್ಡದು. ಒಂದು ಕಡೆ ಗುಪ್ಪೆಯಾಗಿ ನೀರನ್ನು ದಂಡೆಗೆ ತಳ್ಳುತ್ತಿದ್ದರೆ ಮಾತ್ರ ಹರಡಿ.

ನೀರು ಎಷ್ಟು ಆಳದಲ್ಲಿದೆ, ಏನು ನೆಡಬೇಕು

ನೆಡುವ ನಿರ್ಧಾರಕ್ಕೆ ಕನಿಷ್ಠ ಒಂದು ವರ್ಷದ ಅಂತರ್ಜಲದ ಅಳತೆ ಬೇಕು. 5 ಸೆಂ.ಮೀ. ಪಿವಿಸಿ ಕೊಳವೆಯ ಅಡಿಯ ಒಂದು ಮೀಟರಿಗೆ ಗರಗಸದಿಂದ ಸೀಳು ಹಾಕಿ, ನೆಲದಲ್ಲಿ ಕೊರೆದ ತೂತಿಗೆ ಇಳಿಸಿ, ಸುತ್ತ ದಪ್ಪ ಮರಳು ತುಂಬಿ, ಮೇಲಿನ ಅರ್ಧ ಮೀಟರಿಗೆ ಬೆಂಟೊನೈಟ್ ಜೇಡಿ ಗಿಡಿದು ಮೇಲ್ನೀರು ಇಳಿಯದಂತೆ ಮಾಡಿ. ತಿಂಗಳಿಗೊಮ್ಮೆ ಅಳೆದರೆ ಸಾಕು, ಬೇಸಿಗೆಯ ಕೊನೆಯಲ್ಲಿ ವಾರಕ್ಕೊಮ್ಮೆ. ಬೇಕಾದ ಅಂಕಿ ವರ್ಷದ ಅತಿ ಕೆಳಮಟ್ಟ. ಸರಾಸರಿಯನ್ನು ನಂಬಿ ನೆಟ್ಟ ಗಿಡ ಆ ಎರಡು ಕೆಟ್ಟ ತಿಂಗಳಲ್ಲಿ ಸಾಯುತ್ತದೆ.

ಅರಿಜೋನಾದ ಸ್ಯಾನ್ ಪೆಡ್ರೊ ನದಿಯ ಅಧ್ಯಯನಗಳು ಕೊಟ್ಟ ಅಂಕಿ ಇಲ್ಲಿ ದಾರಿ ತೋರಿಸುತ್ತದೆ: ಕಾಟನ್‌ವುಡ್ ಮತ್ತು ವಿಲೋ ಮರಗಳು ಮೇಲುಗೈ ಪಡೆದದ್ದು ಅಂತರ್ಜಲ 2.6 ಮೀಟರಿಗಿಂತ ಆಳಕ್ಕೆ ಇಳಿಯದೆ, ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಅರ್ಧ ಮೀಟರಿನೊಳಗಿದ್ದ ಕಡೆ. ಅದಕ್ಕಿಂತ ಒಣಗಿದ ಕಡೆ ಟಮರಿಸ್ಕ್ ಎಂಬ ಹೊರಗಿನಿಂದ ಬಂದ ಪೊದೆಮರ ಗೆದ್ದಿತು. ಬೀಜದಿಂದ ಹುಟ್ಟುವ ಕಾಟನ್‌ವುಡ್ ಸಸಿಗೆ ನಿಯಮ ಇನ್ನೂ ಬಿಗಿ. ಬರಿಯ ಒದ್ದೆ ಹೂಳು ಬೇಕು, ಆಮೇಲೆ ನೀರು ದಿನಕ್ಕೆ ಎರಡೂವರೆ ಸೆಂ.ಮೀ.ಗಿಂತ ಬೇಗ ಇಳಿಯಬಾರದು, ಎಳೆಬೇರು ಅಷ್ಟೇ ವೇಗದಲ್ಲಿ ಬೆನ್ನಟ್ಟಬಲ್ಲದು.

ಕೊರಕಲಿನೊಳಗಿನ ತಗ್ಗು ದಿಬ್ಬದಲ್ಲಿ ಅಂತರ್ಜಲದ ಕೆಳಮಟ್ಟ 2.1 ಮೀಟರ್ ಎಂದಿಟ್ಟುಕೊಳ್ಳಿ. ನೆಡಲು ಮರದಿಂದ ಕಡಿದ ಕಡ್ಡಿಯ ಬುಡ ಆ ನೀರಿನೊಳಗೆ 20 ಸೆಂ.ಮೀ. ಇಳಿಯಬೇಕು, ಮೇಲೆ 80 ಸೆಂ.ಮೀ. ಉಳಿಯಬೇಕು. ಅಲ್ಲಿಗೆ 3.1 ಮೀಟರ್ ಉದ್ದದ, 3-5 ಸೆಂ.ಮೀ. ದಪ್ಪದ ನೇರ ಕೋಲು. ಅದೇ ಹಳ್ಳದ ಆರೋಗ್ಯವಾಗಿರುವ ಭಾಗದಿಂದ, ಕಡ್ಡಿಯಿಂದ ಬೇರುಬಿಡುವ ಮರಗಳಿಂದ ಮಾತ್ರ, ಎಲೆ ಉದುರಿ ಮರ ಮಲಗಿರುವ ಕಾಲದಲ್ಲಿ ಕಡಿಯಿರಿ. ಒಂದೇ ಮರದಿಂದ ಎಲ್ಲವನ್ನೂ ಕಡಿಯಬೇಡಿ. ವಿಲೋಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಎರಡೂ ಬೇಕು. ಬುಡವನ್ನು ಓರೆಯಾಗಿ, ತುದಿಯನ್ನು ಚಪ್ಪಟೆಯಾಗಿ ಕತ್ತರಿಸಿ; ತಲೆಕೆಳಗಾಗಿ ನೆಡುವ ತಪ್ಪು ಇದರಿಂದ ತಪ್ಪುತ್ತದೆ. ನೆರಳಿನಲ್ಲಿ 10-14 ದಿನ ನೀರಿನಲ್ಲಿ ಮುಳುಗಿಸಿಡಿ. ತೊಗಟೆಯ ಮೇಲೆ ಬೇರಿನ ಗುಳ್ಳೆ ಏಳಬೇಕು, ಬೇರು ಹೊರಬರುವ ಮುಂಚೆ ನೆಡಬೇಕು.

10 ಸೆಂ.ಮೀ. ಭೈರಿಗೆಯಿಂದ 2.3 ಮೀಟರ್ ಆಳದ ತೂತು ತೋಡಿ ಕೋಲು ಇಳಿಸಿ. ಆಮೇಲೆ ಒಣಮಣ್ಣು ತುಂಬದೆ, ಅದೇ ಮಣ್ಣನ್ನು ನೀರಿನಲ್ಲಿ ಅಂಬಲಿಯಷ್ಟು ತೆಳ್ಳಗೆ ಕಲಸಿ ಸುರಿಯುತ್ತ ಬನ್ನಿ. ಒಣಮಣ್ಣು ನಡುವೆ ಸಿಕ್ಕಿಕೊಂಡು ಗಾಳಿಗುಳ್ಳೆ ಬಿಡುತ್ತದೆ, ಗುಳ್ಳೆಯ ಕಡೆ ಬೇರು ಬರುವುದೇ ಇಲ್ಲ. ಕೋಲು ಚಿಗುರಿ ತಿಂಗಳೊಪ್ಪತ್ತಿನಲ್ಲಿ ಬಾಡಿದರೆ ಕಾರಣ ಹೆಚ್ಚಿನ ಸಲ ಇದೇ, ಇಲ್ಲವೇ ಬುಡ ನೀರು ಮುಟ್ಟಿಲ್ಲ. ಒಳಗಿನ ತೇವದಿಂದಲೇ ಚಿಗುರುವುದರಿಂದ ಮೊದಲ ಚಿಗುರನ್ನು ಯಶಸ್ಸೆಂದು ಎಣಿಸಬೇಡಿ. ಪ್ರತಿ ಕೋಲಿಗೂ ಒಂದೂವರೆ ಮೀಟರ್ ಎತ್ತರದ ತಂತಿಬಲೆ ಸುತ್ತಿ. ಅಂತರ್ಜಲ 3 ಮೀಟರಿಗಿಂತ ಕೆಳಗಿರುವ ಮೇಲ್ದಂಡೆಯಲ್ಲಿ ಈ ಕೋಲು ವ್ಯರ್ಥ. ಅಲ್ಲಿ ಆಯಾ ನೆಲದ ಆಳಬೇರಿನ ಒಣಮರಗಳೇ ಸರಿ. ಒಡ್ಡುಗಳ ಹಿಂದಿನ ಹೂಳಿಗೆ ಜಂಬುಹುಲ್ಲಿನ ಗೆಡ್ಡೆಗಳನ್ನು 30 ಸೆಂ.ಮೀ. ಅಂತರದಲ್ಲಿ ಚುಚ್ಚಿ. ದನಕುರಿ ಮೇಯಿಸುವುದನ್ನು ಮೊದಲ ಎರಡು-ಮೂರು ಬೆಳೆಗಾಲ ಪೂರ್ತಿ ನಿಲ್ಲಿಸಬೇಕು, ಇದರಲ್ಲಿ ರಾಜಿ ಇಲ್ಲ.

ಹೊರಗಿನಿಂದ ಬಂದು ದಂಡೆ ತುಂಬಿದ ಟಮರಿಸ್ಕ್ ಅಥವಾ ಬಳ್ಳಾರಿ ಜಾಲಿಯನ್ನು ಒಂದೇ ಬಾರಿಗೆ ಬೋಳಿಸಬೇಡಿ. ಅಮೆರಿಕದಲ್ಲಿ ಟಮರಿಸ್ಕ್ ತಿನ್ನುವ ಜೀರುಂಡೆ ಬಿಡುವ ಸರ್ಕಾರಿ ಕಾರ್ಯಕ್ರಮ 2010ರಲ್ಲಿ ನಿಂತದ್ದು, ಅದೇ ಪೊದೆಗಳಲ್ಲಿ ಗೂಡು ಕಟ್ಟುತ್ತಿದ್ದ ಅಪಾಯದಂಚಿನ ನೊಣಹಿಡುಕ ಹಕ್ಕಿಗೆ ಬೇರೆ ನೆರಳಿರಲಿಲ್ಲ ಎಂಬ ಕಾರಣಕ್ಕೆ. ನೆಟ್ಟ ಮರ ನೆರಳು ಕೊಡತೊಡಗಿದ ಕಡೆಯಿಂದ ತುಂಡುತುಂಡಾಗಿ, ಗೂಡಿನ ಕಾಲ ಬಿಟ್ಟು ತೆಗೆಯಿರಿ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಹತ್ತಾಗಿ ಚಿಗುರುತ್ತದೆ, ಬುಡವನ್ನು ನೆಲದಿಂದ 30 ಸೆಂ.ಮೀ. ಕೆಳಗೆ ಅಗೆದು ಕಡಿಯಬೇಕು.

ಎರಡನೆಯ ಪದರ

ಒಡ್ಡಿನ ಹಿಂದೆ ಹೂಳು ನೆತ್ತಿಯ ಮಟ್ಟಕ್ಕೆ ಬಂದು, ಅದರ ಮೇಲೆ ಹುಲ್ಲು ಹಿಡಿದು, ಕೈಹಾಕಿ ಎಳೆದರೂ ಕೀಳದಷ್ಟು ಬೇರು ಬಿಟ್ಟ ಮೇಲೆಯೇ ಮುಂದಿನ ಪದರ. ಒಂದು ಮಳೆಗಾಲದಲ್ಲಿ ಆದೀತು, ಮೂರು ಹಿಡಿದೀತು. ಮಳೆ ಬಿದ್ದ ಹಾಗೆ. ಹೊಸ ಪದರವನ್ನು ಹಳೆಯದರ ಮೇಲೆ ಪೇರಿಸಬೇಡಿ. ಒಂದೂವರೆ ಮೀಟರ್ ಮೇಲ್ಬದಿಗೆ ಸರಿದು, ತುಂಬಿದ ಹೂಳಿನಲ್ಲೇ ತಗ್ಗು ತೆಗೆದು, ಹಿಂದಿನ ಅಳತೆಯಲ್ಲೇ ಕಲ್ಲು ಕೂರಿಸಿ. ಹಳೆಯ ಒಡ್ಡು ಈಗ ನೀರು ಬೀಳುವ ಹಾಸಾಗುತ್ತದೆ. ಪಾತ್ರದ ಆಕಾರ ಬದಲಾಗಿರುತ್ತದೆ, ಆದ್ದರಿಂದ ತುಂಬುಹರಿವಿನ ಮಟ್ಟವನ್ನು ಹೊಸದಾಗಿ ಗುರುತಿಸಿ ಎತ್ತರ ನಿರ್ಧರಿಸಿ. 1.8 ಮೀಟರಿನ ಕೊರಕಲನ್ನು ಬಾಯಿಯವರೆಗೆ ತುಂಬುವ ಗುರಿ ಬೇಡ. ಕೊರಕಲಿನೊಳಗೇ ಒಂದು ಹೊಸ ನೆರೆಬಯಲು ರೂಪುಗೊಂಡು, ತುಂಬುಹರಿವು ಅದರ ಮೇಲೆ ಹರಡಿ, ಅಳತೆಯ ಕೊಳವೆಯಲ್ಲಿ ಕಾಣುವ ಅಂತರ್ಜಲದ ಬೇಸಿಗೆಯ ಕೆಳಮಟ್ಟ ನೆಟ್ಟ ಮರಗಳ ಬೇರಿನೊಳಗೆ ಉಳಿದರೆ ಅಲ್ಲಿಗೆ ಕಲ್ಲು ಸೇರಿಸುವುದನ್ನು ನಿಲ್ಲಿಸಬಹುದು. ಸರಳುಗಳ ನಡುವಿನ ಅಡ್ಡ ಕೊಯ್ತವನ್ನು ಮಾತ್ರ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಅಳೆಯುತ್ತಿರಿ. ಎರಡು ಅಳತೆಗಳ ನಡುವೆ ತಳ ಒಂದು ಕಡೆ ಥಟ್ಟನೆ ಇಳಿದಿದ್ದರೆ ಕೆಳಗೆಲ್ಲೋ ಎದ್ದ ಹೊಸ ತಲೆ ಅಲ್ಲಿಯತನಕ ಸರಿದು ಬಂದಿದೆ, ಹಳ್ಳದ ಗುಂಟ ನಡೆದು ಅದನ್ನು ಹುಡುಕಿ.